ನಾವಿಲ್ಲದ ಮೇಲೆ ಅಣ್ಣ ಎಲ್ಲಿರಬೇಕು?

ನಮ್ಮ ಮನೆಯ ಲೆಕ್ಕ ಇಷ್ಟು: ಅಪ್ಪನಿಗೆ 77, ಅವ್ವನಿಗೆ 71, ಅಣ್ಣನಿಗೆ 45. ಅಪ್ಪ ರೈಲ್ವೆಯಿಂದ ನಿವೃತ್ತರಾಗಿ ರಾಯಚೂರಿನಲ್ಲಿ, ಸ್ಟೇಷನ್ನಿಗೆ ಹತ್ತಿರದ ಓಣಿಯೊಂದರಲ್ಲಿ ಮನೆ ಮಾಡಿಕೊಂಡಿದ್ದಾರೆ. ನಾನು, ನನ್ನ ಗಂಡ, ಮಗಳು ಹನ್ನೊಂದು ವರ್ಷದಿಂದ ಹೈದರಾಬಾದಿನ ಮಾದಾಪುರದಲ್ಲಿದ್ದೇವೆ. ಅಣ್ಣನಿಗೆ ಹುಟ್ಟಿನಿಂದಲೇ ಬೌದ್ಧಿಕ ಅಸಾಮರ್ಥ್ಯವಿದೆ. ತಾನೇ ಸ್ನಾನ ಮಾಡುತ್ತಾನೆ, ತಾನೇ ಉಣ್ಣುತ್ತಾನೆ, ಚೆನ್ನಾಗಿ ಮಾತಾಡುತ್ತಾನೆ. ನೂರರ ನೋಟಿಗೂ ಐನೂರರ ನೋಟಿಗೂ ವ್ಯತ್ಯಾಸ ತಿಳಿಯದು. ಗ್ಯಾಸ್ ಹಚ್ಚಿದರೆ ಆರಿಸುವುದು ಮರೆಯುತ್ತಾನೆ. ಜ್ವರ ಬಂದರೆ ಹೊಟ್ಟೆನೋವು ಎನ್ನುತ್ತಾನೆ. ದಿನವಿಡೀ ಅವನ ಬೆನ್ನ ಹಿಂದೆ ಯಾರೂ ನಿಲ್ಲಬೇಕಾಗಿಲ್ಲ, ಆದರೆ ಕೂಗಳತೆಯಲ್ಲಿ ಒಬ್ಬರು ಇರಲೇಬೇಕು.

ಆ ಒಬ್ಬರು ನಾಳೆ ಯಾರು? ಈ ಪ್ರಶ್ನೆ ನಮ್ಮ ಮನೆಯದು ಮಾತ್ರವಲ್ಲ ಎಂಬುದು ನನಗೆ ಗೊತ್ತು. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಊರಿನ ವಿಷಯವೆಲ್ಲ ಹೇಳುತ್ತ, "ಇನ್ನೊಬ್ಬ ತಮ್ಮ ಇದ್ದಾನೆ, ಅಪ್ಪ ಅಮ್ಮನ ಜೊತೆಗೇ ಇರುತ್ತಾನೆ" ಎಂದು ಥಟ್ಟನೆ ಮಾತು ನಿಲ್ಲಿಸಿದ್ದನ್ನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಬೌದ್ಧಿಕ ಅಸಾಮರ್ಥ್ಯವಿರುವವರು 15 ಲಕ್ಷ. ಮನೆಬಾಗಿಲಿಗೆ ಬಂದ ಗಣತಿಯವರ ಮುಂದೆ ಎಷ್ಟು ಮನೆಗಳು ಬಾಯಿ ಬಿಟ್ಟಿರಲಾರವು ಎಂದು ಯೋಚಿಸಿದರೆ, ಇದನ್ನು ಕನಿಷ್ಠ ಲೆಕ್ಕವೆಂದೇ ತಿಳಿಯಬೇಕು.

ಹಿಂದಿನವರಿಗೆ ಈ ಪ್ರಶ್ನೆ ಇಷ್ಟು ತೀವ್ರವಾಗಿ ಎದುರಾಗಲಿಲ್ಲ. ಕೂಡುಕುಟುಂಬವಿತ್ತು ಎಂಬುದು ಅರ್ಧ ಕಾರಣ. ಇನ್ನರ್ಧ ಕಾರಣವನ್ನು ನಾವು ಹೇಳಲು ಹಿಂಜರಿಯುತ್ತೇವೆ: ಇಂಥ ಮಕ್ಕಳಲ್ಲಿ ಅನೇಕರು ತಂದೆತಾಯಿಗಿಂತ ಮೊದಲೇ ತೀರಿಕೊಳ್ಳುತ್ತಿದ್ದರು. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲೇ 25 ವರ್ಷವಿತ್ತು, ಈಗ 60ರ ಹತ್ತಿರ ಬಂದಿದೆ. ಹೃದಯದ ಆಪರೇಷನ್, ಆ್ಯಂಟಿಬಯಾಟಿಕ್, ಹೊಟ್ಟೆತುಂಬ ಊಟ ಎಲ್ಲ ಸೇರಿ ಅವರನ್ನು ಉಳಿಸಿವೆ. ಉಳಿದವರು ಎಲ್ಲಿ ಬಾಳಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿಲ್ಲ.

ಅಣ್ಣನ ರಾಯಚೂರಿನ ದಿನ ಹೇಗಿರುತ್ತದೆ ಹೇಳುತ್ತೇನೆ. ಬೆಳಿಗ್ಗೆ ಎದ್ದು ಚಾದಂಗಡಿಗೆ ಹೋಗುತ್ತಾನೆ. ಅಂಗಡಿಯವರು ಕಡಿಮೆ ಸಕ್ಕರೆಯ ಚಾ ಕೊಟ್ಟು ಅಪ್ಪನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಅಲ್ಲಿಂದ ಸ್ಟೇಷನ್. ಗೇಟಿನಲ್ಲಿರುವವರಿಗೆ ಅವನು ಯಾರ ಮಗನೆಂದು ಗೊತ್ತು. ಉದ್ಯಾನ್ ಎಕ್ಸ್‌ಪ್ರೆಸ್, ಕರ್ನಾಟಕ ಎಕ್ಸ್‌ಪ್ರೆಸ್ ಬಂದದ್ದು ಹೋದದ್ದು ನೋಡಿಕೊಂಡು ಮನೆಗೆ ಬಂದು ಅಪ್ಪನಿಗೆ ವರದಿ ಒಪ್ಪಿಸುತ್ತಾನೆ, "ಇವತ್ತು ಉದ್ಯಾನ್ ಲೇಟು." ಅಪ್ಪ ಸೇವೆಯಲ್ಲಿದ್ದಾಗ ಮೇಲಧಿಕಾರಿಗೆ ಕೊಡುತ್ತಿದ್ದಷ್ಟೇ ಗಂಭೀರವಾಗಿ ಅದನ್ನು ಕೇಳಿಸಿಕೊಳ್ಳುತ್ತಾರೆ. ಸಂಜೆ ಓಣಿಯ ಕೊನೆಯಲ್ಲಿ ಮಿರ್ಚಿ, ಮಂಡಾಳ ಒಗ್ಗರಣೆ. ಒಮ್ಮೆ ದಾರಿ ತಪ್ಪಿ ಬಹಳ ದೂರ ಹೋಗಿದ್ದ. ಅವನ ಹೆಸರೇ ತಿಳಿಯದ ಹಣ್ಣಿನ ಗಾಡಿಯವನು "ನಮ್ಮ ರೈಲ್ವೆ ಸಾಹೇಬ್ರ ಮಗ" ಎಂದು ಆಟೋ ಹತ್ತಿಸಿ ಕಳಿಸಿದ್ದ.

ಎರಡು ವರ್ಷದ ಹಿಂದೆ ಅವ್ವನ ಮೊಣಕಾಲಿನ ಆಪರೇಷನ್ ಆದಾಗ ಅಣ್ಣ ಮೂರು ತಿಂಗಳು ನಮ್ಮ ಜೊತೆ ಮಾದಾಪುರದಲ್ಲಿದ್ದ. ಒಂಬತ್ತನೇ ಮಹಡಿ. ಲಿಫ್ಟಿನ ಗುಂಡಿಗಳನ್ನು ಒಂದೇ ವಾರದಲ್ಲಿ ಕಲಿತ. ನನ್ನ ಮಗಳೇ ಕಲಿಸಿದಳು. ಆದರೆ ಕೆಳಗೆ ಇಳಿದು ಹೋಗುವುದಾದರೂ ಎಲ್ಲಿಗೆ? ಗೇಟಿನ ಸೆಕ್ಯುರಿಟಿಯವರು ತೆಲುಗಿನಲ್ಲೋ ಹಿಂದಿಯಲ್ಲೋ ಫ್ಲ್ಯಾಟ್ ನಂಬರ್ ಕೇಳುತ್ತಿದ್ದರು, ಇವನು ಉದ್ಯಾನ್ ಬಂತೇನು ಎಂದು ತಿರುಗಿ ಕೇಳುತ್ತಿದ್ದ. ಒಂದು ಸಂಜೆ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೋ ಬಂತು: "ಯಾರೋ ಗಂಡಸು ಪಾರ್ಕಿನಲ್ಲಿ ಮಕ್ಕಳನ್ನೇ ನೋಡುತ್ತ ನಿಂತಿದ್ದಾನೆ, ಇವನು ಯಾವ ಫ್ಲ್ಯಾಟಿನವನು?" ಫೋಟೋದಲ್ಲಿದ್ದವನು ನಮ್ಮ ಅಣ್ಣ. ಮಕ್ಕಳು ಚಿಕ್ಕ ಆಟಿಕೆ ರೈಲಿನಲ್ಲಿ ಕೂತಿದ್ದರು, ಅವನು ರೈಲನ್ನು ನೋಡುತ್ತಿದ್ದ. ನಾನು ಉತ್ತರ ಬರೆದೆ. ಕ್ಷಮೆ ಕೇಳಿದರು, ಕೈಮುಗಿದ ಚಿಹ್ನೆಗಳು ಸಾಲಾಗಿ ಬಂದವು. ಅವರ ಭಯವನ್ನೂ ನಾನು ತಳ್ಳಿಹಾಕಲಾರೆ, ನನಗೂ ಮಗಳಿದ್ದಾಳೆ. ಆದರೆ ರಾಯಚೂರಿನಲ್ಲಿ ನಲವತ್ತು ವರ್ಷ ಯಾರೂ ತೆಗೆಯದ ಫೋಟೋ ಅದು.

ಆ ಮೂರು ತಿಂಗಳಲ್ಲೇ ಅವನನ್ನು ಮೆಟ್ರೋದಲ್ಲಿ ಪ್ಯಾರಡೈಸ್ ತನಕ, ಅಲ್ಲಿಂದ ಆಟೋದಲ್ಲಿ ಬೋವೆನ್‌ಪಲ್ಲಿಯ ಮನೋವಿಕಾಸ ನಗರಕ್ಕೆ ಕರೆದುಕೊಂಡು ಹೋದೆ. (ಮೆಟ್ರೋ ಪ್ರಯಾಣವೇ ಅವನಿಗೆ ಆ ತಿಂಗಳ ಹಬ್ಬವಾಗಿತ್ತು.) ಬೌದ್ಧಿಕ ಅಸಾಮರ್ಥ್ಯದ ವಿಷಯದಲ್ಲಿ ದೇಶದ ಮುಖ್ಯ ಸಂಸ್ಥೆ ಇರುವುದು ನಾವೆಲ್ಲ ಕೆಲಸ ಮಾಡುವ ಈ ಊರಿನಲ್ಲೇ. 1984ರಲ್ಲಿ ಕೇಂದ್ರ ಸರ್ಕಾರ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ದ ಮೆಂಟಲಿ ಹ್ಯಾಂಡಿಕ್ಯಾಪ್ಡ್ ಎಂಬ ಹೆಸರಿನಲ್ಲಿ ತೆರೆದದ್ದು. ಈಗ ಹೆಸರು ಬದಲಾಗಿ ಎನ್‌ಐಇಪಿಐಡಿ ಆಗಿದೆ, ಬೌದ್ಧಿಕ ಅಸಾಮರ್ಥ್ಯವಿರುವವರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ ಎಂದರ್ಥ. ಮಕ್ಕಳಿಗಷ್ಟೇ ಎಂದು ಬಹಳ ಮಂದಿ ತಿಳಿದಿದ್ದಾರೆ. ದೊಡ್ಡವರನ್ನೂ ನೋಡುತ್ತಾರೆ.

ಅಲ್ಲಿನ ವಿಶೇಷ ಶಿಕ್ಷಕಿ ಕೇಳಿದ ಮೊದಲ ಪ್ರಶ್ನೆ, "ಇವರಿಗೆ ಏನೇನು ಬರುತ್ತದೆ?" ನಲವತ್ತು ವರ್ಷದಲ್ಲಿ ಏನೇನು ಬರುವುದಿಲ್ಲ ಎಂಬ ಪಟ್ಟಿಯನ್ನೇ ನಾವು ಬಾಯಿಪಾಠ ಮಾಡಿಕೊಂಡಿದ್ದವರು. ಎಲ್ಲವನ್ನೂ ನಾನು ಕನ್ನಡಕ್ಕೆ ತಿರುಗಿಸಿ ಕೇಳಬೇಕಾಯಿತು. ಈ ಕ್ಷೇತ್ರಕ್ಕೂ ಕನ್ನಡಕ್ಕೂ ಹಳೆಯ ನಂಟಿದೆ ಎಂಬುದು ಆಮೇಲೆ ಓದಿ ತಿಳಿದದ್ದು. ಇಂದಿಗೂ ಬುದ್ಧಿಮತ್ತೆಯ ಸರ್ಟಿಫಿಕೇಟುಗಳಲ್ಲಿ ಕಾಣುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತರು 1930ರ ದಶಕದಲ್ಲಿ ಸಿದ್ಧಪಡಿಸಿದ್ದು ಮುಂಬಯಿ ಕರ್ನಾಟಕದ ಕನ್ನಡ, ಮರಾಠಿ ಮಕ್ಕಳ ಮೇಲೆ. ಕನ್ನಡದಲ್ಲಿ ಕೇಳಿದರೆ ಅಣ್ಣನಿಗೆ ಬರುವುದು ತೆಲುಗಿನಲ್ಲಿ ಕೇಳಿದರೆ ಬರುವುದಿಲ್ಲ ಎಂಬುದನ್ನು ಆ ಕಾಲದವರೇ ಬಲ್ಲರು ಎಂದಾಯಿತು.

ಆ ದಿನದ ನಂತರ ನಾನು, ನನ್ನ ಗಂಡ ಹೈದರಾಬಾದಿನ ಸುತ್ತ ಮನೆಗಳನ್ನು ನೋಡಲು ಶುರು ಮಾಡಿದೆವು. ಎರಡರ ಬಗ್ಗೆ ಹೇಳುತ್ತೇನೆ. ಮೊದಲನೆಯದು ಊರಾಚೆ, ಎತ್ತರದ ಕಾಂಪೌಂಡು, ಚೆಂದದ ಹುಲ್ಲುಹಾಸು. ಅರವತ್ತು ಜನ. ಸ್ವಚ್ಛವಾಗಿತ್ತು, ಯಾರೂ ಗದರಿಸುತ್ತಿರಲಿಲ್ಲ. ಆದರೆ ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ರಾತ್ರಿ ಊಟ ಸಂಜೆ ಐದೂವರೆಗೆ, ಏಕೆಂದರೆ ಅಡುಗೆಯವರು ಕೊನೆಯ ಬಸ್ಸು ಹಿಡಿಯಬೇಕು. ಕುಟುಂಬದವರು ಬರುವುದು ತಿಂಗಳಿಗೊಂದು ಭಾನುವಾರ. ಆಜೀವ ಠೇವಣಿ ಎಂದು ಲಕ್ಷಗಳ ಲೆಕ್ಕ ಹೇಳಿದರು. ಅಣ್ಣ ಹೊರಗೆ ಹೋಗಬಹುದೇ ಎಂದು ಕೇಳಿದ್ದಕ್ಕೆ ಮ್ಯಾನೇಜರ್ ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ, "ಚಿಂತೆ ಮಾಡಬೇಡಿ ಮೇಡಂ, ಗೇಟು ಯಾವಾಗಲೂ ಬೀಗ ಹಾಕಿರುತ್ತೆ" ಎಂದರು.

ಎರಡನೆಯದು ಸಿಕಂದರಾಬಾದ್ ಕಡೆಯ ಮಾಮೂಲಿ ಕಾಲೊನಿಯ ಬಾಡಿಗೆ ಮನೆ. ಬೋರ್ಡಿಲ್ಲ. ಐದು ಜನ ಗಂಡಸರು, ಒಬ್ಬ ಗಂಡ ಹೆಂಡತಿ ಮನೆ ನೋಡಿಕೊಳ್ಳುವವರು, ಹಗಲು ಬಂದುಹೋಗುವ ಒಬ್ಬ ಶಿಕ್ಷಕ. ನಾವು ಹೋದಾಗ ಬೆಂಡೆಕಾಯಿಯೋ ದೊಂಡೆಕಾಯಿಯೋ ಎಂದು ಜಗಳ ನಡೆದಿತ್ತು. ಒಬ್ಬರು ಹಾಲಿನ ಪ್ಯಾಕೆಟ್ಟು ತರಲು ಹೋಗಿದ್ದರು. ಅಂಗಡಿಯವನಿಗೆ ಅವರ ಪರಿಚಯವಿದೆ, ಚಿಲ್ಲರೆ ಸರಿಯಾಗಿ ಕೊಡುತ್ತಾನೆ. ಗೋಡೆಯ ಬಣ್ಣ ಹೋಗಿತ್ತು, ಬಾತ್‌ರೂಮಿನ ಚಿಲಕ ಸಡಿಲವಿತ್ತು. ಆದರೆ ಚಿಲಕ ಒಳಗಡೆಯಿತ್ತು. ಮೊದಲಿನ ಜಾಗದಲ್ಲಿ ಬಾತ್‌ರೂಮುಗಳಿಗೆ ಒಳಚಿಲಕವೇ ಇರಲಿಲ್ಲ.

ಇಂಥ ಮನೆ ನೋಡಲು ಹೋಗುವವರಿಗೆ ನಾನು ಹೇಳುವುದು ಇಷ್ಟೇ. ಸೌಲಭ್ಯಗಳ ಪಟ್ಟಿ ಕೇಳಬೇಡಿ, ಊಟದ ಹೊತ್ತು ಕೇಳಿ. ಬೀರುವಿನ ಕೀಲಿ ಯಾರ ಬಳಿ ಇರುತ್ತದೆ, ಟಿವಿಯ ರಿಮೋಟು ಯಾರ ಕೈಯಲ್ಲಿರುತ್ತದೆ ನೋಡಿ. ಹೇಳದೆ ಬಂದರೆ ಒಳಗೆ ಬಿಡುತ್ತಾರೆಯೇ ಎಂದು ಕೇಳಿ, ಆಮೇಲೆ ನಿಜವಾಗಿಯೂ ಹೇಳದೆ ಹೋಗಿ.

ಈ ಎರಡು ಮನೆಗಳ ನಡುವಿನ ಜಗಳ ಹಳೆಯದು. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ ಸರ್ಕಾರಿ ಸಂಸ್ಥೆಯನ್ನು ಕಟ್ಟಿದ್ದು 4,000 ಜನರಿಗೆ, 1960ರ ದಶಕದಲ್ಲಿ ಅಲ್ಲಿದ್ದವರು 6,000. 1972ರಲ್ಲಿ ಟಿವಿ ಕ್ಯಾಮೆರಾ ಒಳಹೊಕ್ಕಾಗ ಬಟ್ಟೆಯಿಲ್ಲದೆ, ತಮ್ಮದೇ ಹೊಲಸಿನಲ್ಲಿ ಕೂತ ಮಕ್ಕಳನ್ನು ಇಡೀ ದೇಶ ನೋಡಿತು. ಪೋಷಕರು ಕೋರ್ಟಿಗೆ ಹೋದರು, 1987ರಲ್ಲಿ ಅದು ಮುಚ್ಚಿತು. ಅಲ್ಲಿದ್ದವರಲ್ಲಿ ಅನೇಕರಿಗೆ ಸಿಕ್ಕಿದ್ದು ಮಾಮೂಲಿ ಬೀದಿಗಳಲ್ಲಿನ ಸಣ್ಣ ಮನೆಗಳು. ಇದು ಅಮೆರಿಕದ ಕಥೆ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ದೆಹಲಿ ಸರ್ಕಾರದ ಆಶಾ ಕಿರಣ್ ಎಂಬ ದೊಡ್ಡ ಆಶ್ರಯಧಾಮದಲ್ಲಿ 2024ರ ಜುಲೈ ಒಂದೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲೂ ಜಾಗಕ್ಕಿಂತ ಜನ ಹೆಚ್ಚಿದ್ದರು.

ಸಣ್ಣ ಮನೆಯ ಪ್ರಯೋಗ ನಮ್ಮಲ್ಲಿಗೆ ಬಂದು ಬಹಳ ಕಾಲವಾಯಿತು, ಬಂದದ್ದೂ ಬೆಂಗಳೂರಿಗೆ. 1964ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಲಾರ್ಷ್ ಎಂಬ ಚಳವಳಿಯ ಭಾರತದ ಮೊದಲ ಮನೆ ಆಶಾ ನಿಕೇತನ. ಅದು 1970ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಬನ್ನೇರುಘಟ್ಟ ರಸ್ತೆಯಲ್ಲಿ ನೆಲೆ ನಿಂತಿತು. ಬೌದ್ಧಿಕ ಅಸಾಮರ್ಥ್ಯವಿರುವವರೂ ಅವರಿಗೆ ನೆರವಾಗುವವರೂ ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ ಉಂಡು ಬಾಳುವುದು ಅದರ ಕ್ರಮ. ಚಳವಳಿಯನ್ನು ಹುಟ್ಟುಹಾಕಿದ ಜ್ಯಾಂ ವಾನಿಯೇ ಸಂತನೆಂದೇ ಹೆಸರಾಗಿದ್ದವರು. ತೀರಿಕೊಂಡ ಮರುವರ್ಷ, 2020ರಲ್ಲಿ, ಅವರು ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು ಲಾರ್ಷ್ ತಾನೇ ನಡೆಸಿದ ತನಿಖೆಯ ವರದಿ ಹೇಳಿತು. ವರದಿಯಲ್ಲಿದ್ದ ಮಹಿಳೆಯರು ಅಸಾಮರ್ಥ್ಯವಿದ್ದವರಲ್ಲ, ಮನೆಗಳು ಈಗಲೂ ನಡೆಯುತ್ತಿವೆ. ಆದರೂ ಇದನ್ನು ಬಿಟ್ಟು ಬರೆಯಲು ನನಗೆ ಮನಸ್ಸಾಗಲಿಲ್ಲ. "ಅವರು ದೇವರಂಥವರು, ಅವರ ಕೈಗೆ ಒಪ್ಪಿಸಿದರೆ ಸಾಕು" ಎಂಬ ಮಾತನ್ನು ನಮ್ಮ ಕಡೆ ಬಹಳ ಕೇಳುತ್ತೇವೆ. ದೇವರಂಥವರ ಮನೆಗೂ ಲೆಕ್ಕಪತ್ರ ಕೇಳುವ ಹೊರಗಿನವರು ಬೇಕು.

ಚೆನ್ನೈನ ಬ್ಯಾನ್ಯನ್ ಸಂಸ್ಥೆ 2015ರಿಂದ ನಡೆಸುತ್ತಿರುವ ಹೋಮ್ ಅಗೇನ್ ಇನ್ನೊಂದು ಮಾದರಿ. ನಾಲ್ಕೈದು ಜನ ಊರೊಳಗೆ ಬಾಡಿಗೆ ಮನೆ ಹಿಡಿದು ಇರುತ್ತಾರೆ, ಸಂಸ್ಥೆಯವರು ಬೆಂಬಲಕ್ಕೆ ನಿಲ್ಲುತ್ತಾರೆ. ಅದು ಮಾನಸಿಕ ಕಾಯಿಲೆಯಿಂದ ಬಹುಕಾಲ ಆಸ್ಪತ್ರೆಗಳಲ್ಲಿ ಉಳಿದವರಿಗಾಗಿ ಹುಟ್ಟಿದ್ದು. ಬೌದ್ಧಿಕ ಅಸಾಮರ್ಥ್ಯ ಬೇರೆ, ಮಾನಸಿಕ ಕಾಯಿಲೆ ಬೇರೆ. ಆದರೆ ಬಾಡಿಗೆ ಮನೆ, ನಾಲ್ಕು ಜನ, ಪಕ್ಕದ ಮನೆಯವರ ಪರಿಚಯ ಎಂಬ ಸೂತ್ರ ಎರಡಕ್ಕೂ ಹೊಂದುತ್ತದೆ.

ವಲಸೆ ಬಂದ ನಮ್ಮಂಥವರಿಗೆ ಮಾತ್ರ ಇರುವ ತೊಡಕೊಂದಿದೆ. ನ್ಯೂಜೆರ್ಸಿಯಲ್ಲಿರುವ ನನ್ನ ಕಾಲೇಜಿನ ಗೆಳತಿಯ ಮಗನಿಗೆ ಆಟಿಸಂ ಮತ್ತು ಬೌದ್ಧಿಕ ಅಸಾಮರ್ಥ್ಯ ಎರಡೂ ಇವೆ. ಅಲ್ಲಿ ಶಾಲೆಯ ಸೇವೆ 21ಕ್ಕೆ ಮುಗಿಯುತ್ತದೆ. ಆಮೇಲೆ ಸಣ್ಣ ಮನೆ, ಸಹಾಯಕರು ಎಲ್ಲಕ್ಕೂ ಮೆಡಿಕೇಡ್ ವೇವರ್ ಎಂಬ ಸರ್ಕಾರಿ ನೆರವು ಬೇಕು, ಅದು ರಾಜ್ಯದ್ದು. ಅನೇಕ ರಾಜ್ಯಗಳಲ್ಲಿ ವರ್ಷಗಟ್ಟಲೆ ಸರದಿ ಇರುತ್ತದೆ, ಬೇರೆ ರಾಜ್ಯಕ್ಕೆ ಹೋದರೆ ಮೊದಲಿನಿಂದ ಶುರು. ಟೆಕ್ಸಾಸಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದರೂ ಅವಳ ಗಂಡ ಬಿಟ್ಟುಬಿಟ್ಟ. ನಮ್ಮಲ್ಲೂ ಅಂಗವಿಕಲರ ಪಿಂಚಣಿ ರಾಜ್ಯದ್ದೇ. ತೆಲಂಗಾಣದಲ್ಲಿ 2023ರಲ್ಲಿ ಅದನ್ನು ತಿಂಗಳಿಗೆ 4,016 ರೂಪಾಯಿಗೆ ಏರಿಸಿದರು, ಆದರೆ ಅದು ಇಲ್ಲಿನವರಿಗೆ. ಗಡಿ ದಾಟಿದರೆ ಅಣ್ಣ ಕಾಗದದಲ್ಲೂ ಹೊಸಬ, ಬೀದಿಯಲ್ಲೂ ಹೊಸಬ.

ಸಾಮಾನ್ಯವಾಗಿ ನಾವು ಏನು ಯೋಚಿಸುತ್ತೇವೆ? ಅಪ್ಪ ಅವ್ವ ಹೋದ ಮೇಲೆ ನಮ್ಮ ಫ್ಲ್ಯಾಟಿಗೆ ಕರೆತರೋಣ, ಒಬ್ಬ ಕೇರ್‌ಟೇಕರ್ ಇಟ್ಟರಾಯಿತು. ಪ್ರೀತಿಯಿಂದಲೇ ಹಾಗೆ ಯೋಚಿಸುತ್ತೇವೆ. ನಾನು ಈಗ ಅದಕ್ಕೆ ವಿರುದ್ಧ. ಅಣ್ಣನಿಗೆ ಅಪ್ಪ ಅವ್ವ ಹೋಗುವ ವಾರದಲ್ಲೇ ಚಾದಂಗಡಿ, ಸ್ಟೇಷನ್, ಕನ್ನಡ ಎಲ್ಲವನ್ನೂ ಒಟ್ಟಿಗೆ ಕಿತ್ತುಕೊಳ್ಳುವ ಯೋಜನೆ ಅದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಮು ಅಂಗವಿಕಲರಿಗೆ ಸಮುದಾಯದಲ್ಲಿ ಬಾಳುವ ಹಕ್ಕಿದೆ, ಇಂಥದ್ದೇ ವ್ಯವಸ್ಥೆಯಲ್ಲಿ ಇರಬೇಕೆಂದು ಕಟ್ಟಾಯ ಮಾಡಬಾರದು ಎನ್ನುತ್ತದೆ. ಸಮುದಾಯ ಎಂಬ ಪದ ಕಾಯ್ದೆಯಲ್ಲಿ ಒಣಗಿದಂತೆ ಕಾಣುತ್ತದೆ. ಅಣ್ಣನ ಮಟ್ಟಿಗೆ ಅದಕ್ಕೆ ಹಣ್ಣಿನ ಗಾಡಿಯವನ ಮುಖವಿದೆ.

ಕಾಗದಪತ್ರದ ಕೆಲಸವನ್ನು ಮಾತ್ರ ಹೈದರಾಬಾದಿನಲ್ಲಿ ಕೂತೇ ಬಹಳ ಮಟ್ಟಿಗೆ ಮಾಡಬಹುದು. ಕೇಂದ್ರದ ಯುಡಿಐಡಿ ಕಾರ್ಡು ದೇಶದೆಲ್ಲೆಡೆ ನಡೆಯುತ್ತದೆ, ಅರ್ಜಿ ಆನ್‌ಲೈನು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನಿರಾಮಯ ಎಂಬ ಆರೋಗ್ಯ ವಿಮೆಯಿದೆ, ವರ್ಷಕ್ಕೆ 1 ಲಕ್ಷದವರೆಗೆ, ಮೊದಲೇ ಇರುವ ಕಾಯಿಲೆಗಳ ತಪಾಸಣೆ ಇಲ್ಲದೆ. ಅದೇ ಕಾಯ್ದೆಯಡಿ 18 ದಾಟಿದವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವುದು ಜಿಲ್ಲಾಧಿಕಾರಿ ಮಟ್ಟದ ಸ್ಥಳೀಯ ಸಮಿತಿ. ತಂಗಿಯಾದ ನಾನೂ ಅರ್ಜಿ ಹಾಕಬಹುದು. ಪಾಲಕರಾದವರು ಆರು ತಿಂಗಳೊಳಗೆ ಅವರ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿವರ್ಷ ಲೆಕ್ಕ ಕೊಡಬೇಕು, ಶೋಷಿಸಿದರೆ ತೆಗೆದುಹಾಕುತ್ತಾರೆ. ಅಣ್ಣತಮ್ಮಂದಿರ ನಡುವೆ ಹೊಲಮನೆಯ ವ್ಯಾಜ್ಯವಿರುವ ಕುಟುಂಬಗಳು ಈ ಸಾಲನ್ನು ಎರಡು ಸಲ ಓದಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 75,000, ತೀವ್ರ ಅಸಾಮರ್ಥ್ಯವಿದ್ದರೆ 1,25,000 ರೂಪಾಯಿ ಕಡಿತ ಸಿಗುತ್ತದೆ. ನಿಮ್ಮನ್ನೇ ನಂಬಿರುವ ಅಣ್ಣತಮ್ಮ ಅಕ್ಕತಂಗಿಯರಿಗೂ ಇದು ಅನ್ವಯ.

ಎಲ್ಲಕ್ಕಿಂತ ನಮಗೆ ಉಪಯೋಗಕ್ಕೆ ಬಂದದ್ದು ಕೇಂದ್ರ ಸರ್ಕಾರಿ ನೌಕರರ ಪಿಂಚಣಿ ನಿಯಮ. ದುಡಿದು ಬದುಕಲಾರದ ಅಂಗವಿಕಲ ಮಗ ಅಥವಾ ಮಗಳಿಗೆ ಕುಟುಂಬ ಪಿಂಚಣಿ ಜೀವನಪೂರ್ತಿ ಸಿಗುತ್ತದೆ. ಆದರೆ ಪಿಂಚಣಿದಾರರು ಬದುಕಿರುವಾಗಲೇ ಹೆಸರು ಸೇರಿಸಿದರೆ ಮುಂದೆ ಅಲೆದಾಟ ತಪ್ಪುತ್ತದೆ. ಅಪ್ಪ ಇದನ್ನು ಮಾಡಿಸಲು ಒಂದು ವರ್ಷ ತಡೆದರು. "ನಾ ಸತ್ತ ಮ್ಯಾಲಿನ ಅರ್ಜಿಗೆ ನಾನ ಸಹಿ ಹಾಕೂದು ಅಂದ್ರ ಹ್ಯಾಂಗವ್ವ?" ಎಂದರು. ಕೊನೆಗೆ ಹಾಕಿದರು.

ಸಣ್ಣ ಮನೆಗೆ ಸರ್ಕಾರದ ದುಡ್ಡು ಸಿಗುತ್ತದೆಯೇ? ನ್ಯಾಷನಲ್ ಟ್ರಸ್ಟಿನ ಘರೌಂದಾ ಯೋಜನೆ ದೊಡ್ಡವರ ವಸತಿಗೆಂದೇ ಇದೆ. ಆದರೆ ಅದು ಸಾಗುವುದು ನೋಂದಾಯಿತ ಸಂಸ್ಥೆಗಳ ಮೂಲಕ, ಇಪ್ಪತ್ತರ ಆಸುಪಾಸಿನ ಗುಂಪುಗಳಿಗೆ. ಓಣಿಯ ನಾಲ್ಕು ಕುಟುಂಬಗಳು ಸೇರಿ ಮನೆ ಮಾಡುತ್ತೇವೆ ಎಂದರೆ ಅದರಲ್ಲಿ ಜಾಗವಿಲ್ಲ. ಇದು ನನ್ನ ತಕರಾರು. ಇಪ್ಪತ್ತು ಜನ ಒಂದೆಡೆ ಸೇರಿದ ಕೂಡಲೇ ಮನೆಗೆ ಬೋರ್ಡು ಬರುತ್ತದೆ, ಬೋರ್ಡು ಬಂದ ಮೇಲೆ ಊಟ ಐದೂವರೆಗೆ ಸರಿಯುತ್ತದೆ.

ಹಾಗಾಗಿ ಈಗ ನಾವು ಮಾಡುತ್ತಿರುವುದು ರಾಯಚೂರಿನಲ್ಲೇ. ಇಂಥ ಮಕ್ಕಳಿರುವ ನಾಲ್ಕು ಕುಟುಂಬಗಳು ಸೇರಿದ್ದೇವೆ. ಮಕ್ಕಳು ಎನ್ನುತ್ತೇನೆ, ಎಲ್ಲರೂ ಮೂವತ್ತು ದಾಟಿದ ಗಂಡಸರು. ಇಬ್ಬರ ಒಡಹುಟ್ಟಿದವರು ನನ್ನ ಹಾಗೆ ಹೈದರಾಬಾದಿನಲ್ಲಿದ್ದಾರೆ, ಒಬ್ಬರು ಕುವೈತಿನಲ್ಲಿ. ಒಂದು ಬಾಡಿಗೆ ಮನೆ, ಮೊದಲು ವಾರಕ್ಕೆ ಎರಡೇ ರಾತ್ರಿ. ತಂದೆತಾಯಿ ಗಟ್ಟಿಯಾಗಿರುವಾಗಲೇ ಶುರುವಾದರೆ, ಅದು ಅವರಿಗೆ ಅನಾಥರಾದ ಮೇಲೆ ತಂದು ಬಿಟ್ಟ ಜಾಗವಾಗುವುದಿಲ್ಲ. ಮರುದಿನ ಬೆಳಿಗ್ಗೆ ಮನೆಗೆ ಬಂದು ಅಲ್ಲಿನ ಸಾರು ಚೆನ್ನಾಗಿರಲಿಲ್ಲ ಎಂದು ಹೇಳಲು ಅವ್ವ ಇರುತ್ತಾಳೆ.

ಅವ್ವ ಮಾತ್ರ ಇನ್ನೂ ಒಪ್ಪಿಲ್ಲ. "ನಾ ಇರೂತನಕ ನನ್ನ ಮಗ ಯಾಕ ಹೊರಗ ಮಲಗಬೇಕು?" ಎನ್ನುತ್ತಾಳೆ. ನಾನು ವಾದ ಮಾಡುವುದನ್ನು ಬಿಟ್ಟಿದ್ದೇನೆ. ಅಣ್ಣನನ್ನೇ ಕೇಳಿದೆವು. ಯಾರ ಜೊತೆ ಎಂದು ಕೇಳಿದ. ಹೇಳಿದೆ. ಅವರಲ್ಲಿ ಒಬ್ಬನ ಹೆಸರು ಕೇಳಿ, "ಅಂವ ಗೊರಕಿ ಹೊಡೀತಾನ, ಬ್ಯಾಡ" ಎಂದ. ಇಬ್ಬರಿಗೂ ಬೇರೆ ಬೇರೆ ಕೋಣೆ ಎಂದು ನಿಗದಿಯಾಗಿದೆ.

ಮನೆ ಸಿಗುವುದೇ ಕಷ್ಟವಾಗಿದೆ. ಮೂರು ಮಾಲೀಕರು ಯಾರಿರುತ್ತಾರೆ ಎಂದು ತಿಳಿದ ಕೂಡಲೇ ಮನೆ ಸಂಬಂಧಿಕರಿಗೆ ಕೊಟ್ಟಾಯಿತು ಎಂದರು. ನಾಲ್ಕನೆಯವರು ಚಾದಂಗಡಿಯವರ ಷಡ್ಡಕ. ಅಣ್ಣನನ್ನು ಬಲ್ಲವರು, ಮೂರು ತಿಂಗಳ ಅಡ್ವಾನ್ಸ್ ಕೇಳಿದ್ದಾರೆ. ಅದಕ್ಕಿಂತ ಕಷ್ಟ ಮನೆ ನೋಡಿಕೊಳ್ಳುವ ಗಂಡಹೆಂಡತಿ ಸಿಗುವುದು. ವಾರಕ್ಕೊಂದು ರಜೆ, ರಜೆಯ ದಿನಕ್ಕೆ ಬದಲಿ, ಒಳ್ಳೆಯ ಸಂಬಳ ಇಲ್ಲದಿದ್ದರೆ ಯಾರೂ ಆರು ತಿಂಗಳು ನಿಲ್ಲುವುದಿಲ್ಲ ಎಂದು ಸಿಕಂದರಾಬಾದಿನ ಆ ಮನೆಯವರು ಮೊದಲೇ ಎಚ್ಚರಿಸಿದ್ದರು. ಬಾಡಿಗೆಗಿಂತ ದೊಡ್ಡ ಖರ್ಚು ಅದೇ. ಹೈದರಾಬಾದ್ ಮತ್ತು ಕುವೈತಿನಲ್ಲಿರುವ ನಾವು ಅದನ್ನು ಹಂಚಿಕೊಳ್ಳುತ್ತಿದ್ದೇವೆ.

ರಾಯಚೂರು, ಮಾನ್ವಿ, ಸಿಂಧನೂರು, ಲಿಂಗಸೂಗೂರು ಕಡೆಯ ಓದುಗರಲ್ಲಿ ಯಾರಿಗಾದರೂ ಅಂಥ ದಂಪತಿ ಗೊತ್ತಿದ್ದರೆ, ಅಥವಾ ನಿಮ್ಮ ಮನೆಯಲ್ಲೂ ಇಂಥದ್ದೇ ಲೆಕ್ಕವಿದ್ದರೆ, ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಸಂಪಾದಕರು ನನಗೆ ತಲುಪಿಸುತ್ತಾರೆ. ಅಡುಗೆ ಉತ್ತರ ಕರ್ನಾಟಕದ್ದು ಬರಬೇಕು, ಜೋಳದ ರೊಟ್ಟಿ ತಟ್ಟಲು ಬರಬೇಕು, ಕನ್ನಡ ಮಾತಾಡಬೇಕು. ಮನೆಯಲ್ಲಿ ನಾಲ್ಕು ಕೋಣೆ, ಹಿಂದೆ ಹಿತ್ತಲು, ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ.